ಕಂಡಕ್ಟರ್ ಗೌಡರ ಪುಸ್ತಕ ಮನೆ

ಕಂಡಕ್ಟರ್ ಎಂದರೆ ಬಸ್ಸಿನ ಜನಕ್ಕೆ ನೆನಪಾಗೋದು ಎರಡೇ: ಒಂದು ಸೀಟಿ, ಇನ್ನೊಂದು ಚಿಲ್ಲರೆ. "ಚಿಲ್ಲರೆ ಇಲ್ಲ, ಇಳಿಯೋವಾಗ ಇಸ್ಕೊಳ್ಳಿ" ಎಂಬ ಮಾತು ಕೇಳದ ಕಿವಿ ಈ ನಾಡಿನಲ್ಲಿ ಇರಲಾರದು. ಆದರೆ ಕಂಡಕ್ಟರ್ ಎಂದ ಕೂಡಲೇ ಪುಸ್ತಕ ನೆನಪಾಗುವ ಊರೊಂದು ಮಂಡ್ಯ ಜಿಲ್ಲೆಯಲ್ಲಿದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿ.

ಅಲ್ಲಿನ ಶ್ರೀ ಅಂಕೇಗೌಡರು ರೈತ ಕುಟುಂಬದಿಂದ ಬಂದವರು. ಇಪ್ಪತ್ತರ ವಯಸ್ಸಿನಲ್ಲಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗಲೇ ಪುಸ್ತಕ ಕೊಳ್ಳುವ ಹುಚ್ಚು ಹತ್ತಿತು. ಮುಂದೆ ಕನ್ನಡದಲ್ಲಿ ಎಂ.ಎ. ಮಾಡಿಕೊಂಡರು. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು 30 ವರ್ಷ ದುಡಿದರು. ಕೆಲಸ ಬದಲಾಯಿತು, ಹುಚ್ಚು ಬದಲಾಗಲಿಲ್ಲ. ಸಂಬಳದ ಬಹುಪಾಲು ಪುಸ್ತಕಕ್ಕೇ ಹೋಯಿತು. ಅದೂ ಸಾಲದೆ ಬಂದಾಗ ಮೈಸೂರಿನಲ್ಲಿದ್ದ ಮನೆಯನ್ನೇ ಮಾರಿಬಿಟ್ಟರು!

ಮನೆ ಮಾರಿದವರಿಗೆ ಮನೆ?

ವ್ಯಾಪಾರಸ್ಥರು ಕೇಳಬಹುದು: "ಲಾಭ ಏನು ಸ್ವಾಮಿ?" ನ್ಯಾಯವಾದ ಪ್ರಶ್ನೆಯೇ. ಲೆಕ್ಕದ ಪುಸ್ತಕ ಬರೆದರೆ ಇದು ಬರೀ ಖರ್ಚಿನ ಬಾಬು. ಸೈಟಿಲ್ಲ, ಬಾಡಿಗೆ ಬರುವ ಮಳಿಗೆ ಇಲ್ಲ. ಗೌಡರೂ ಅವರ ಹೆಂಡತಿ, ಮಗನೂ ವಾಸ ಮಾಡಿದ್ದು ಪುಸ್ತಕಗಳ ನಡುವೆಯೇ. ಅಡಿಗೆಯೂ ಅಲ್ಲೇ ಒಂದು ಮೂಲೆಯಲ್ಲಿ, ಮಲಗೋದೂ ಅಲ್ಲೇ ನೆಲದ ಮೇಲೆ.

ಗಂಡಸಿನ ಹವ್ಯಾಸದ ಖರ್ಚು ಹೆಚ್ಚಾಗಿ ಬೀಳುವುದು ಹೆಂಗಸಿನ ತಲೆಯ ಮೇಲೆ. ಸಂಬಳ ಪುಸ್ತಕವಾಗಿ ಬಂದರೆ ಒಲೆಯ ಮೇಲಿನ ಪಾತ್ರೆ ತುಂಬಿಸಬೇಕಾದವಳು ಅವಳೇ. ಈ ಮನೆಯಾಕೆ ಜೊತೆಗೆ ನಿಂತರು. ಬಹುಕಾಲ ಸಂಬಳದ ನೌಕರರೆಂದು ಯಾರೂ ಇಲ್ಲದೆ, ಧೂಳು ಹೊಡೆಯೋದು, ಜೋಡಿಸೋದು ಎಲ್ಲ ಮನೆಮಂದಿಯ ಕೈಯಲ್ಲೇ ನಡೆಯಿತು. ಹೊರಗಿನವರು ಬಿರುದು ಕೊಡುವಾಗ ಈ ಪಾಲನ್ನು ಮರೆಯಬಾರದು.

ಇನ್ನು ಲಾಭ. ಉದ್ಯಮಿ ಶ್ರೀ ಹರಿ ಖೋಡೆಯವರ ನೆರವಿನಿಂದ ಹರಳಹಳ್ಳಿಯಲ್ಲಿ ಕಟ್ಟಡ ಎದ್ದಿತು. 2016ರಲ್ಲಿ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರು ಸೇರಿತು. ಈಗ ಅಲ್ಲಿರುವ ಪುಸ್ತಕಗಳು 20 ಲಕ್ಷ ಎಂಬ ಅಂದಾಜಿದೆ. ನಿಘಂಟುಗಳೇ ಸಾವಿರಗಟ್ಟಲೆ! 2026ರ ಗಣರಾಜ್ಯೋತ್ಸವದ ಪದ್ಮಶ್ರೀ ಪಟ್ಟಿಯಲ್ಲಿ ಗೌಡರ ಹೆಸರೂ ಬಂತು. ಆದರೆ ನಿಜವಾದ ಲಾಭ ಬಾಗಿಲಲ್ಲಿದೆ. ಅಲ್ಲಿ ಶುಲ್ಕವಿಲ್ಲ. ಪರೀಕ್ಷೆಗೆ ಓದುವ ಹುಡುಗ, ಸಂಶೋಧನೆ ಮಾಡುವ ಮೇಷ್ಟ್ರು, ಯಾರು ಬೇಕಾದರೂ ಬಂದು ಕೂತು ಓದಬಹುದು.

ಮೂಟೆಯೊಳಗಿನ ಸರಸ್ವತಿ

ಚಿಂತೆಯೂ ಇಲ್ಲದಿಲ್ಲ. ಕಪಾಟು ಸಾಲದೆ ಎಷ್ಟೋ ಪುಸ್ತಕ ನೆಲದ ಮೇಲೆ ರಾಶಿ ಬಿದ್ದವು, ಮೂಟೆಯಲ್ಲೇ ಉಳಿದವು. ಒಬ್ಬರ ಜೀವಮಾನದಲ್ಲಿ ಕೂಡಿಟ್ಟದ್ದನ್ನು ಪಟ್ಟಿ ಮಾಡಿ ಜೋಡಿಸಲು ಒಂದು ಕುಟುಂಬದ ಕೈ ಸಾಲದು. ಗೆದ್ದಲಿಗೂ ಮಳೆನೀರಿಗೂ ಪದ್ಮಶ್ರೀ ಅಂತ ಗೊತ್ತಾಗೋದಿಲ್ಲ. ಹಾರ ಹಾಕಲು ಹೋಗುವವರು ಒಂದೊಂದು ಕಪಾಟು ಕೊಟ್ಟು ಬಂದರೆ ಹೇಗೆ?

ಎಲ್ಲರೂ ಮನೆ ಮಾರಬೇಕಾಗಿಲ್ಲ. ಅಂಗಡಿಯವರೂ ಮನೆಯವರೂ ಕಟ್ಟುವ ಆಸ್ತಿ ತೆರಿಗೆಯ ರಸೀದಿಯನ್ನೊಮ್ಮೆ ನೋಡಿ. ‘ಗ್ರಂಥಾಲಯ ಕರ’ ಎಂಬ ಬಾಬು ಕಾಣುತ್ತದೆ. ತೆರಿಗೆಯ ರೂಪಾಯಿಗೆ ಆರು ಪೈಸೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಅಂದರೆ ಊರಿನ ಲೈಬ್ರರಿಗೆ ನಿಮ್ಮ ದುಡ್ಡು ಆಗಲೇ ಸಂದಾಯವಾಗಿದೆ. ದುಡ್ಡು ಕಟ್ಟಿಯೂ ಹೋಗದೆ ಇರೋದು ಯಾವ ವ್ಯಾಪಾರ?

ಸಂಜೆ ಬಾಗಿಲು ಎಳೆದ ಮೇಲೆ, ಬಸ್ಸು ಬರೋಕೆ ಮುಂಚೆ, ಅರ್ಧ ಗಂಟೆ ಸಾಕು. ಜೊತೆಗೆ ಮಗುವನ್ನೂ ಕರಕೊಂಡು ಹೋಗಿ. ಒಂದು ಪುಸ್ತಕ ಮನೆಗೆ ತನ್ನಿ. ಊಟವಾದ ಮೇಲೆ ಒಬ್ಬರು ಓದಲಿ, ಮಿಕ್ಕವರು ಕೇಳಲಿ. ಹರಳಹಳ್ಳಿಯ ಗೌಡರು ಮನೆ ಮಾರಿ ಕೊಂಡ ಸುಖದಲ್ಲಿ ಒಂದು ಪಾಲು ಆರು ಪೈಸೆಗೇ ಸಿಗುತ್ತದೆ.