ಕೂಲಿಗೂ ಪಿಂಚಣಿಗೂ ನಡುವೆ: ಕುರುಡುಮಲೆಯ ನೆಲೆಯಿಂದ ಒಂದು ವಿಚಾರ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯೆಂದೊಡನೆ ಬೃಹತ್ತಾದ ಗಣಪತಿಯ ವಿಗ್ರಹವೂ ಸೋಮೇಶ್ವರನ ಗುಡಿಯೂ ನೆನಪಿಗೆ ಬರುವುದು ಸಹಜ. ನಾವಾದರೋ ಗುಡಿಯ ಆಚೆಗಿರುವ ಹೊಲಗಳತ್ತ ದೃಷ್ಟಿಯಿಟ್ಟು, ಬಡವರ ರಕ್ಷಣೆಗೆಂದು ಸರ್ಕಾರವು ಮಾಡಿರುವ ಏರ್ಪಾಡುಗಳು ಯಾರನ್ನು ಮುಟ್ಟುತ್ತವೆ, ಯಾರನ್ನು ಬಿಟ್ಟುಬಿಡುತ್ತವೆ ಎಂಬುದನ್ನು ವಿವೇಚಿಸಬಯಸುತ್ತೇವೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ರಾಗಿಯ ಹೊಲ ಮಳೆಯನ್ನೂ, ಗದ್ದೆ ಕೆರೆಯನ್ನೂ ನಂಬಿಕೊಂಡು ಬಂದ ಸೀಮೆಯಿದು. ಕೊಳವೆಬಾವಿ ಬಂದ ಮೇಲೂ ನೀರಿನ ಚಿಂತೆ ನೀಗಲಿಲ್ಲ. ಇನ್ನಷ್ಟು ಆಳಕ್ಕೆ ಇಳಿಯಿತು, ಅಷ್ಟೆ.

ಧಾತು, ಈಶ್ವರ ಸಂವತ್ಸರಗಳ ಬರವು (1876-78) ಈ ಸೀಮೆಯನ್ನೂ ಒಳಗೊಂಡ ಮೈಸೂರು ಸಂಸ್ಥಾನವನ್ನು ಎಷ್ಟು ಕ್ಷೀಣಗೊಳಿಸಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಅನಾಹುತದ ತರುವಾಯ 1880ರ ಕ್ಷಾಮ ಆಯೋಗವು ನೆರವಿಗೆ ಒಂದು ಸೂತ್ರವನ್ನು ಹಾಕಿಕೊಟ್ಟಿತು: ಮೈಯಲ್ಲಿ ಕಸುವುಳ್ಳವರಿಗೆ ಕೂಲಿಯ ಕೆಲಸ, ಕಸುವಿಲ್ಲದವರಿಗೆ ಉಚಿತ ನೆರವು.

ಸೂತ್ರವು ಇಂದಿಗೂ ಬದಲಾಗಿಲ್ಲವೆಂದೇ ನಮ್ಮ ಭಾವನೆ. 2005ರ ಉದ್ಯೋಗ ಖಾತರಿ ಅಧಿನಿಯಮವು 2008ರ ಏಪ್ರಿಲಿನಲ್ಲಿ ಕೋಲಾರ ಜಿಲ್ಲೆಗೂ ವಿಸ್ತರಿಸಿ, ಗ್ರಾಮದ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೂಲಿಯನ್ನು ಹಕ್ಕಾಗಿ ಕೊಟ್ಟಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಅಧಿನಿಯಮವು ಈ ದಿನಗಳನ್ನು 125ಕ್ಕೆ ಏರಿಸಿತು. ಇದು ಗುದ್ದಲಿ ಹಿಡಿಯಬಲ್ಲವರ ಮಾತು. ಹಿಡಿಯಲಾರದವರಿಗೆ ಪಿಂಚಣಿಗಳಿವೆ. 1995ರಲ್ಲಿ 75 ರೂಪಾಯಿಯಿಂದ ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನದ ಪಾಲು, 60ರಿಂದ 79 ವಯಸ್ಸಿನವರ ಮಟ್ಟಿಗೆ 200ಕ್ಕೆ ಬಂದು ನಿಂತುಬಿಟ್ಟಿದೆ. ರಾಜ್ಯವು ಮೇಲೆ ಸೇರಿಸದಿದ್ದರೆ ಅದು ಒಬ್ಬಾಕೆಯ ಹಿಟ್ಟಿಗೂ ಸಾಲದು. ಸಣ್ಣ ರೈತರಿಗೂ ಕೃಷಿ ಕೂಲಿಗಾರರಿಗೂ 2007ರಲ್ಲಿ ರಾಜ್ಯವೇ ತಂದ ಸಂಧ್ಯಾ ಸುರಕ್ಷಾ ಯೋಜನೆಗೆ 65 ತುಂಬಿರಬೇಕು. 2021ರಲ್ಲಿ ಅದರ ಮೊತ್ತ 1,200 ರೂಪಾಯಿಗೆ ಏರಿತು.

ತೊಡಕಿರುವುದು ಈ ಎರಡರ ನಡುವೆ. ಎಳವೆಯಿಂದಲೇ ಕಳೆ ಕಿತ್ತು, ನಾಟಿ ಹಾಕಿ, ಹೊರೆ ಹೊತ್ತ ಹೆಂಗಸಿನ ಬೆನ್ನು ಅರುವತ್ತರವರೆಗೆ ಕಾಯುವುದಿಲ್ಲ. ದೇಹದ ವಯಸ್ಸು ಒಂದು, ಕಾಗದದ ವಯಸ್ಸು ಇನ್ನೊಂದು. ಐವತ್ತೈದರಲ್ಲಿ ಮಣ್ಣು ಹೊರಲಾರದಾಕೆ ಕೂಲಿಯ ಯೋಜನೆಗೆ ಅಶಕ್ತೆ, ಪಿಂಚಣಿಗೆ ಎಳೆಯಳು! ವಿಧವೆಯೋ ಅಂಗವಿಕಲೆಯೋ ಆಗಿದ್ದರೆ ಬೇರೆ ದಾರಿಯುಂಟು. ಮನೆಯಲ್ಲಿ ಹಸುವಿದ್ದರೆ ಡೇರಿಯ ಬಟವಾಡೆ ಕೈಹಿಡಿಯುತ್ತದೆ. ಮೇವಿಲ್ಲದ ವರ್ಷ ಮೊದಲು ಮಾರಾಟವಾಗುವುದೂ ಆ ಹಸುವೇ.

ಈ ಅಂತರವನ್ನು ಬಹುಮಟ್ಟಿಗೆ ತುಂಬಿದ್ದು, ಅದಕ್ಕೆಂದು ರಚಿತವಾಗದ ಮತ್ತೊಂದು ಯೋಜನೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದಾಕೆಗೆ ತಿಂಗಳಿಗೆ 2,000 ರೂಪಾಯಿಯನ್ನು ಗೊತ್ತುಮಾಡಿತು. 2013ರ ಆಹಾರ ಭದ್ರತಾ ಅಧಿನಿಯಮದ ಮೇರೆಗೆ ಮನೆಯ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. ಆದ್ದರಿಂದ ಸೊಸೆಯಂದಿರಿರುವ ಮನೆಯಲ್ಲಿ ಈ ಹಣ ಸಾಮಾನ್ಯವಾಗಿ ಸೇರುವುದು, ಕೆಲಸದಿಂದ ಹಿಂದೆ ಸರಿದ ಅತ್ತೆಯ ಖಾತೆಗೆ. ಸೊಸೆಗೆ ಇದು ಒಪ್ಪಿಗೆಯೋ ಇಲ್ಲವೋ, ಅದು ಬೇರೆ ಮಾತು.

ಹೆಂಗಸರಿಲ್ಲದ ಮನೆಯಲ್ಲಿ ಒಬ್ಬಂಟಿಯಾಗಿರುವ, ಐವತ್ತೆಂಟರ, ಸೊಂಟ ಬಿದ್ದ ಕೂಲಿಗಾರನಿಗೆ ಈ ಮಾರ್ಗವೂ ಇಲ್ಲ. ಅಂಗವಿಕಲತೆಯ ಪ್ರಮಾಣಪತ್ರ ದೊರೆಯುವಷ್ಟು ಊನ ಅವನಿಗಿಲ್ಲದಿದ್ದರೆ, ಅರುವತ್ತು ತುಂಬುವ ತನಕ ಅವನ ಪಾಲಿಗೆ ಉಳಿಯುವುದು ಒಂದು ತಲೆಯ ಪಡಿತರ ಮಾತ್ರ.