ಮುಂಗಡದ ರಸೀದಿಯೂ ಕಾರಿನ ಬೆಲೆಯೂ: ಟೆಸ್ಲಾ ಮಾಡೆಲ್ 3 ಕಾದಿರಿಸುವಿಕೆಯ ವಿಚಾರ

2016ನೆಯ ಇಸವಿಯ ಮಾರ್ಚಿ 31ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ನಗರಗಳಲ್ಲಿ ಟೆಸ್ಲಾ ಕಂಪೆನಿಯ ಮಳಿಗೆಗಳ ಮುಂದೆ ಜನರು ಸಾಲುಗಟ್ಟಿ ನಿಂತಿದ್ದರು. ಅವರು ಕೊಳ್ಳಬೇಕೆಂದು ಬಂದಿದ್ದ ವಿದ್ಯುಚ್ಚಾಲಿತ ಮೋಟಾರು ಕಾರು ಆವರೆಗೆ ಸಾರ್ವಜನಿಕರ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಪ್ರಥಮ ಪ್ರದರ್ಶನವು ಕ್ಯಾಲಿಫೋರ್ನಿಯದ ಹಾಥಾರ್ನ್ ಪಟ್ಟಣದಲ್ಲಿ ನಡೆಯಬೇಕಾಗಿದ್ದುದು ಅದೇ ದಿನ ರಾತ್ರಿ. ಹೀಗಿದ್ದರೂ ಪ್ರತಿಯೊಬ್ಬನೂ 1,000 ಡಾಲರುಗಳ ಠೇವಣಿಯನ್ನು ಕಟ್ಟಿ ರಸೀದಿ ಪಡೆದು ಹೋದನು. ಕಂಪೆನಿಯವರೇ ಪ್ರಕಟಿಸಿದಂತೆ ಒಂದು ದಿನದೊಳಗೆ 1 ಲಕ್ಷ 80 ಸಾವಿರ ಮಂದಿಯೂ ಒಂದು ವಾರದೊಳಗೆ 3 ಲಕ್ಷ 25 ಸಾವಿರ ಮಂದಿಯೂ ಹೀಗೆ ಮಾಡೆಲ್ 3 ಎಂಬ ಕಾರನ್ನು ಕಾದಿರಿಸಿದರು. ಒಂದೇ ವಾರದಲ್ಲಿ ಸೇರಿದ ಮೊಬಲಗು 32 ಕೋಟಿ 50 ಲಕ್ಷ ಡಾಲರು ಆಗುತ್ತದೆ.

ಇಂಥ ವಿಷಯಕ್ಕೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಸ್ಥಾನವೇಕೆಂದು ವಾಚಕರು ಕೇಳಬಹುದು. ಶಾಸನಗಳಲ್ಲಿ ಬರುವ ಗದ್ಯಾಣಗಳ ಲೆಕ್ಕವನ್ನು ತರಗತಿಯಲ್ಲಿ ಓದಿಸುವಾಗ, ಬರೆದಿಟ್ಟ ಬೆಲೆ ಬೇರೆ, ಕೈಯಿಂದ ಕೈಗೆ ಸಂದ ಬೆಲೆ ಬೇರೆಯಾಗಿರಬಹುದೆಂದು ನಾವು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಹೇಳುತ್ತೇವೆ. ಆದರೆ ನಮ್ಮ ಕಾಲದ ಬೆಲೆಪಟ್ಟಿಯನ್ನು ಓದುವಾಗ ಆ ಎಚ್ಚರಿಕೆಯನ್ನು ನಾವೇ ಮರೆಯುತ್ತೇವೆ. ಮಾಡೆಲ್ 3ರ ಬೆಲೆ 35,000 ಡಾಲರು ಎಂದು ಅಂದಿನ ಪತ್ರಿಕೆಗಳೆಲ್ಲವೂ ಬರೆದುವು. ಮುಂದೆ ಈ ಕಾಲದ ಆರ್ಥಿಕ ಚರಿತ್ರೆಯನ್ನು ಬರೆಯುವವನೂ ಹಾಗೆಯೇ ಬರೆದಾನು. ಆ ಬೆಲೆಗೆ ಆ ಕಾರು ಯಾರಿಗೆ, ಎಂದು, ಎಷ್ಟು ದಿನ ದೊರೆಯಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ರಸೀದಿಯನ್ನು ನೋಡೋಣ. ಕಾದಿರಿಸುವಿಕೆಯ ಕರಾರು ಪತ್ರವು ಕ್ರಯಪತ್ರವಲ್ಲ. ಗಿರಾಕಿಯು ಮನಸ್ಸು ಬದಲಾಯಿಸಿದರೆ ಹಣವನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಇದು ಅದರ ಒಳ್ಳೆಯ ಅಂಶ. ಆದರೆ ಆ ಹಣವನ್ನು ಪ್ರತ್ಯೇಕವಾಗಿ ಇಡುವುದಾಗಲಿ ಅದಕ್ಕೆ ಬಡ್ಡಿ ಕೊಡುವುದಾಗಲಿ ಇಲ್ಲವೆಂದು ಅದರಲ್ಲಿಯೇ ಬರೆದಿತ್ತು. ಬೆಲೆ ಇಂತಿಷ್ಟೇ ಎಂದಾಗಲಿ, ಇಂಥ ದಿನವೇ ಕಾರು ಕೈಸೇರುವುದೆಂದಾಗಲಿ ಅದು ಕಟ್ಟುಮಾಡಿರಲಿಲ್ಲ. ಅದು ಕೊಟ್ಟದ್ದು ಸರದಿಯಲ್ಲಿ ಒಂದು ಸ್ಥಾನವನ್ನು ಮಾತ್ರ. ಆ ಸರದಿಯಾದರೂ ಬಂದವರ ಕ್ರಮವನ್ನೇ ಅನುಸರಿಸಲಿಲ್ಲ: ಕಂಪೆನಿಯ ನೌಕರರು, ಆ ಮೊದಲೇ ಟೆಸ್ಲಾ ಕಾರುಗಳನ್ನು ಕೊಂಡಿದ್ದವರು, ಕಾರ್ಖಾನೆಗೆ ಸಮೀಪವಾದ ಪಶ್ಚಿಮ ತೀರದವರು—ಇವರಿಗೆ ಮುಂಚಿನ ಅವಕಾಶವಿತ್ತು. 2017ರ ಜುಲೈ 28ರಂದು ಹಸ್ತಾಂತರವಾದ ಮೊದಲ 30 ಕಾರುಗಳು ನೌಕರರ ಪಾಲಾದುವು.

ಈಗ ಕ್ಯಾಲಿಫೋರ್ನಿಯದ ಒಬ್ಬ ಶಾಲಾ ಉಪಾಧ್ಯಾಯನು 2016ರಲ್ಲಿ ಮಾಡಿರಬಹುದಾದ ಲೆಕ್ಕವನ್ನು ಊಹಿಸಿಕೊಳ್ಳೋಣ. ಪ್ರಕಟವಾದ ಬೆಲೆ 35,000. ವಿದ್ಯುತ್ ಕಾರು ಕೊಂಡವರಿಗೆ ಕೇಂದ್ರ ಸರ್ಕಾರವು ವರಮಾನ ತೆರಿಗೆಯಲ್ಲಿ ವಜಾ ಮಾಡಿಕೊಡುತ್ತಿದ್ದ ಮೊತ್ತ 7,500. ಆ ರಾಜ್ಯವು ನಿರ್ದಿಷ್ಟ ವರಮಾನದ ಮಿತಿಯೊಳಗಿನವರಿಗೆ ಪ್ರತ್ಯೇಕವಾಗಿ ಕೊಡುತ್ತಿದ್ದ ಸಹಾಯಧನ 2,500. ಉಳಿದದ್ದು 25,000 ಡಾಲರು. ಇದು ಮಧ್ಯಮ ವರ್ಗದವನ ಕೈಗೆಟಕುವ ಮೊತ್ತ. ಅವನು ಹಳೆಯ ಕಾರನ್ನು ಇನ್ನೆರಡು ವರ್ಷ ತಳ್ಳೋಣವೆಂದು ನಿರ್ಧರಿಸಿ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದರೆ ಆಶ್ಚರ್ಯವಿಲ್ಲ.

ಈ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಯಾವುದೂ ಇಲ್ಲ. ತಪ್ಪು ಇರುವುದು ಕಾಲದಲ್ಲಿ. ಮೂರು ಸಂಖ್ಯೆಗಳೂ ಏಕಕಾಲದಲ್ಲಿ ಸತ್ಯವಾಗಿರುತ್ತವೆಂದು ಅವನು ಭಾವಿಸಿದ್ದನು.

ತೆರಿಗೆ ರಿಯಾಯಿತಿಯ ನಿಯಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಯಾವುದೇ ಒಂದು ಕಂಪೆನಿಯು ಆ ದೇಶದಲ್ಲಿ 2 ಲಕ್ಷ ವಿದ್ಯುತ್ ಕಾರುಗಳನ್ನು ಮಾರುವವರೆಗೆ ಮಾತ್ರ ಪೂರ್ಣ ರಿಯಾಯಿತಿ. ಆ ಸಂಖ್ಯೆಯನ್ನು ಮುಟ್ಟಿದ ತ್ರೈಮಾಸಿಕವೂ ಅದರ ಮುಂದಿನ ತ್ರೈಮಾಸಿಕವೂ ಕಳೆದ ಮೇಲೆ ರಿಯಾಯಿತಿಯು ಅರ್ಧಕ್ಕಿಳಿದು, ಆರು ತಿಂಗಳಾದ ಅನಂತರ ಕಾಲುಭಾಗವಾಗಿ, ಮತ್ತೆ ಆರು ತಿಂಗಳಿಗೆ ಇಲ್ಲವಾಗತಕ್ಕದ್ದು. ಈ 2 ಲಕ್ಷದ ಎಣಿಕೆಯಲ್ಲಿ ಕಂಪೆನಿಯ ಎಲ್ಲ ಬಗೆಯ ಕಾರುಗಳೂ ಸೇರುತ್ತಿದ್ದುವು. ಆದುದರಿಂದ ಹೆಚ್ಚಿನ ಬೆಲೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್‌ಗಳನ್ನು ಕೊಂಡ ಪ್ರತಿಯೊಬ್ಬ ಸಿರಿವಂತನೂ ಸರದಿಯಲ್ಲಿ ಕಾದಿದ್ದ ಉಪಾಧ್ಯಾಯನ ರಿಯಾಯಿತಿಯ ಆಯುಸ್ಸನ್ನು ಒಂದೊಂದು ಎಣಿಕೆಯಷ್ಟು ಕಡಮೆ ಮಾಡುತ್ತಿದ್ದನು. ಅಗ್ಗದ ಕಾರಿಗೆ ಜನರನ್ನು ಒಲಿಸಲೆಂದು ಹಾಕಿದ ಸರ್ಕಾರದ ಹಣವು ದುಬಾರಿ ಕಾರಿನವರ ಕೈಯನ್ನು ಮೊದಲು ಸೇರಿತೆಂಬುದು ಈ ನಿಯಮದ ವಿಚಿತ್ರ. ಇದಕ್ಕೆ ಕಂಪೆನಿಯನ್ನು ದೂಷಿಸುವುದಕ್ಕಿಂತ ಶಾಸನವನ್ನು ರಚಿಸಿದವರನ್ನೇ ಕೇಳುವುದು ನ್ಯಾಯವೆಂದು ನಮಗೆ ತೋರುತ್ತದೆ.

ಇತ್ತ ಕಾರ್ಖಾನೆಯ ಕೆಲಸ ನಿಧಾನವಾಯಿತು. 2017ರ ಕೊನೆಯೊಳಗೆ ವಾರಕ್ಕೆ 5,000 ಕಾರುಗಳನ್ನು ಸಿದ್ಧಪಡಿಸುವುದಾಗಿ ಹೇಳಿದ್ದ ಕಂಪೆನಿಯು ಆ ವರ್ಷದ ಜುಲೈನಿಂದ ಸೆಪ್ಟೆಂಬರಿನವರೆಗೆ ಮಾಡಿದ್ದು ಒಟ್ಟು 260 ಮಾತ್ರ. ವಾರಕ್ಕೆ 5,000 ಎಂಬ ಗುರಿಯನ್ನು ಮುಟ್ಟಿದ್ದು 2018ರ ಜೂನಿನ ಕೊನೆಗೆ. ಸಿದ್ಧವಾದ ಕಾರುಗಳಾದರೂ ದೂರದ ಪ್ರಯಾಣಕ್ಕಾಗುವ ದೊಡ್ಡ ಬ್ಯಾಟರಿಯವು. ಬೆಲೆ 44,000 ಡಾಲರು, ಅದರೊಂದಿಗೆ ಕಡ್ಡಾಯವಾಗಿ ಬರುತ್ತಿದ್ದ ಒಳಾಲಂಕಾರ ಮೊದಲಾದುವಕ್ಕೆ 5,000. ಆರಂಭದಲ್ಲಿಯೇ ಕನಿಷ್ಠ ಬೆಲೆಯ ಕಾರನ್ನು ಕಳುಹಿಸಿದರೆ ಕಂಪೆನಿಯು ನಷ್ಟದಿಂದ ಅಳಿದುಹೋದೀತೆಂದು ಅದರ ಮುಖ್ಯಸ್ಥ ಈಲಾನ್ ಮಸ್ಕ್ 2018ರ ಮೇ ತಿಂಗಳಲ್ಲಿ ಬಹಿರಂಗವಾಗಿಯೇ ಹೇಳಿದನು. ವ್ಯಾಪಾರದ ದೃಷ್ಟಿಯಿಂದ ಈ ಮಾತು ಸುಳ್ಳಲ್ಲ. ಆದರೆ ಎರಡು ವರ್ಷಗಳ ಹಿಂದೆ ಸಾಲಿನಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

2018ರ ಜುಲೈ ತಿಂಗಳಲ್ಲಿ ಟೆಸ್ಲಾ ತನ್ನ ಎರಡು ಲಕ್ಷದ ಎಣಿಕೆಯನ್ನು ಮುಟ್ಟಿತು. ಪೂರ್ಣ ರಿಯಾಯಿತಿ ಆ ವರ್ಷದ ಡಿಸೆಂಬರ್ 31ಕ್ಕೆ ಮುಗಿಯಿತು. 2019ರ ಜನವರಿಯಿಂದ 3,750 ಡಾಲರು, ಜುಲೈನಿಂದ 1,875, 2020ರಿಂದ ಸೊನ್ನೆ. ನಮ್ಮ ಉಪಾಧ್ಯಾಯನ ಮುಂದೆ ಎರಡು ದಾರಿಗಳಿದ್ದುವು. 2018ರಲ್ಲಿಯೇ ದೊರೆಯುತ್ತಿದ್ದ ಕಾರನ್ನು ಕೊಂಡರೆ 49,000ದಲ್ಲಿ 10,000 ಕಳೆದು 39,000 ಡಾಲರು. ಅಗ್ಗದ ಕಾರು ಬರಲೆಂದು ಕಾದರೆ, ಅದು ಮಾರಾಟಕ್ಕೆ ಬಂದದ್ದು 2019ರ ಫೆಬ್ರವರಿ 28ರಂದು; ಜೂನ್ ಮುಗಿಯುವುದರೊಳಗೆ ಅದನ್ನು ಪಡೆದಿದ್ದರೆ 28,750 ಡಾಲರು. ಇವೆರಡರಲ್ಲಿ ಯಾವುದೂ 25,000 ಅಲ್ಲ. ಮೊದಲನೆಯದರಲ್ಲಿ ರಿಯಾಯಿತಿ ಪೂರ್ತಿಯಾಗಿ ಉಂಟು, ಅಗ್ಗದ ಕಾರಿಲ್ಲ. ಎರಡನೆಯದರಲ್ಲಿ ಅಗ್ಗದ ಕಾರುಂಟು, ರಿಯಾಯಿತಿ ಅರ್ಧ. 35,000ದ ಬೆಲೆಯೂ 7,500ರ ರಿಯಾಯಿತಿಯೂ ಒಟ್ಟಿಗೆ ಇದ್ದ ದಿನ ಒಂದೂ ಬರಲಿಲ್ಲ. ಆ ಅಗ್ಗದ ಕಾರಾದರೂ ಏಪ್ರಿಲ್ ತಿಂಗಳಿನಲ್ಲಿಯೇ ಅಂತರ್ಜಾಲದ ಬೆಲೆಪಟ್ಟಿಯಿಂದ ಮರೆಯಾಗಿ, ದೂರವಾಣಿಯಲ್ಲಿ ಅಥವಾ ಮಳಿಗೆಯಲ್ಲಿ ಕೇಳಿದವರಿಗೆ ಮಾತ್ರ ದೊರೆಯುವಂತಾಯಿತು.

ಇನ್ನೂ ಎರಡು ಬಾಬುಗಳನ್ನು ಇಲ್ಲಿ ಹೇಳತಕ್ಕದ್ದು. ಆ ತೆರಿಗೆ ರಿಯಾಯಿತಿಯು ಮಳಿಗೆಯಲ್ಲಿ ಬೆಲೆಯಿಂದ ಕಳೆಯುವ ಸೋಡಿಯಾಗಿರಲಿಲ್ಲ. ಗಿರಾಕಿಯು ಪೂರ್ತಿ ಹಣವನ್ನು ಮೊದಲು ಹೊಂದಿಸಿ, ಮುಂದಿನ ವರ್ಷ ತೆರಿಗೆಯ ಲೆಕ್ಕ ಒಪ್ಪಿಸುವಾಗ ಅದನ್ನು ಪಡೆಯಬೇಕಾಗಿತ್ತು. ಆ ವರ್ಷ ಅವನು ಕಟ್ಟಬೇಕಾದ ತೆರಿಗೆಯೇ 4,000 ಡಾಲರಾಗಿದ್ದರೆ ಅವನಿಗೆ ಸಿಕ್ಕುವುದೂ 4,000 ಮಾತ್ರ, ಮಿಕ್ಕದ್ದು ನಷ್ಟ. ಅಂದರೆ ವರಮಾನ ಕಡಮೆಯಾದಷ್ಟೂ ರಿಯಾಯಿತಿಯೂ ಕಡಮೆ. ಇನ್ನು ಮಾರಾಟ ತೆರಿಗೆ. ಕ್ಯಾಲಿಫೋರ್ನಿಯದಲ್ಲಿ ಅದರ ಕನಿಷ್ಠ ದರ ಶೇಕಡ 7.25, ಅದನ್ನು ಹಾಕುವುದು ರಿಯಾಯಿತಿ ಕಳೆಯುವ ಮೊದಲಿನ ಪೂರ್ಣ ಬೆಲೆಯ ಮೇಲೆ. 35,000ಕ್ಕೆ ಅದು 2,500ನ್ನು ಮೀರುತ್ತದೆ, 49,000ಕ್ಕೆ 3,500ನ್ನು ಮೀರುತ್ತದೆ. ರಾಜ್ಯದ ಸಹಾಯಧನವು ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೋಯಿತೆಂದೇ ಹೇಳಬೇಕು. ವಿಮೆ, ಮನೆಯಲ್ಲಿ ಚಾರ್ಜು ಮಾಡಲು ಬೇಕಾದ 240 ವೋಲ್ಟಿನ ತಂತಿಯ ಕೆಲಸ ಇವುಗಳ ಖರ್ಚು ಬೇರೆ.

ಸರದಿಯನ್ನು ಬಿಟ್ಟುಹೋದವರೂ ಇದ್ದರು. 2017ರ ಆಗಸ್ಟ್ ತಿಂಗಳಿನಲ್ಲಿ ಕಂಪೆನಿ ಹೇಳಿದ ಪ್ರಕಾರ ಒಟ್ಟು ಕಾದಿರಿಸುವಿಕೆ 5 ಲಕ್ಷ 18 ಸಾವಿರ, ರದ್ದಾದದ್ದು 63 ಸಾವಿರ. ಅವರಿಗೆ ಹಣ ಹಿಂದಿರುಗುವ ಮಾರ್ಗವಿತ್ತೆಂಬುದು ಗಮನಾರ್ಹ. ಏಕೆಂದರೆ ಇತಿಹಾಸದಲ್ಲಿ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಇದೆ.

1938ರ ಆಗಸ್ಟಿನಲ್ಲಿ ನಾಟ್ಸಿ ಜರ್ಮನಿಯು ಜನಸಾಮಾನ್ಯರ ಕಾರಿಗಾಗಿ ಒಂದು ಉಳಿತಾಯ ಯೋಜನೆಯನ್ನು ಆರಂಭಿಸಿತು. ಕಾರಿನ ಬೆಲೆ 990 ಮಾರ್ಕು. ವಾರಕ್ಕೆ ಕನಿಷ್ಠ 5 ಮಾರ್ಕಿನ ಚೀಟಿಯನ್ನು ಕೊಂಡು ಪುಸ್ತಕದಲ್ಲಿ ಅಂಟಿಸಬೇಕು. ಹಾಗೆ 198 ವಾರ, ಎಂದರೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಮೆ. ಬಡ್ಡಿಯಿಲ್ಲ, ನಡುವೆ ಬಿಡುವಂತಿಲ್ಲ. ಸುಮಾರು 3 ಲಕ್ಷ 36 ಸಾವಿರ ಜನರು ಸೇರಿದರು. ಟೆಸ್ಲಾದ ಮೊದಲ ವಾರದ ಸಂಖ್ಯೆಗೆ ಇದು ಎಷ್ಟು ಹತ್ತಿರವೆಂಬುದು ಕುತೂಹಲಕರ. ಯುದ್ಧವಾರಂಭವಾಗಿ ಕಾರ್ಖಾನೆಯು ಸೈನ್ಯದ ವಾಹನಗಳನ್ನು ಮಾಡತೊಡಗಿತು. ಚೀಟಿ ಅಂಟಿಸಿದವರಲ್ಲಿ ಒಬ್ಬನಿಗೂ ಆ ಯೋಜನೆಯಿಂದ ಕಾರು ಸಿಕ್ಕಲಿಲ್ಲ. ಯುದ್ಧಾನಂತರ ದೀರ್ಘಕಾಲ ವ್ಯಾಜ್ಯ ನಡೆದು, 1961ರಲ್ಲಿ ಫೋಕ್ಸ್‌ವಾಗನ್ ಕಂಪೆನಿಯು ಹೊಸ ಕಾರಿನ ಬೆಲೆಯಲ್ಲಿ 600 ಮಾರ್ಕುಗಳವರೆಗೆ ಸೋಡಿಯನ್ನೋ, ಅದು ಬೇಡವಾದರೆ 100 ಮಾರ್ಕು ನಗದನ್ನೋ ಕೊಡಲು ಒಪ್ಪಿತು. ಆ ಆಡಳಿತವನ್ನೂ ಈ ವ್ಯಾಪಾರವನ್ನೂ ನಾವು ಸಮನೆಂದು ಹೇಳುತ್ತಿಲ್ಲ. ಅಮೆರಿಕದವರಿಗೆ ಕಾರು ಬಂದಿತು, ಬೇಡವೆಂದವರಿಗೆ ಹಣ ಬಂದಿತು. ಆದರೆ ಕಾಯುವ ಕಾಲದ ಹೊರೆಯನ್ನು ಮುಂಗಡ ಕೊಟ್ಟವನೇ ಹೊತ್ತನೆಂಬ ಅಂಶ ಎರಡರಲ್ಲಿಯೂ ಒಂದೇ.

ಮಾಡೆಲ್ 3ರ ಬೆಲೆಯಾದರೂ ಕೊನೆಗೆ ಕೆಲವು ಕಾಲ ನಿಜವಾಯಿತು. ಅದೇ ಕಂಪೆನಿಯು 2019ರ ನವೆಂಬರಿನಲ್ಲಿ ಕೇವಲ 100 ಡಾಲರು ಠೇವಣಿ ಪಡೆದು 39,900 ಡಾಲರಿಗೆ ಕೊಡುವುದಾಗಿ ಹೇಳಿದ ಸೈಬರ್‌ಟ್ರಕ್ ಎಂಬ ವಾಹನವು 2023ರ ನವೆಂಬರಿನಲ್ಲಿ ಹೊರಬಂದಾಗ ಅದರ ಕನಿಷ್ಠ ಬೆಲೆಯನ್ನು 60,990 ಎಂದು ಪ್ರಕಟಿಸಲಾಯಿತು. ಠೇವಣಿ ಕಡಮೆಯಾದಷ್ಟೂ ಕೊಟ್ಟ ಮಾತೂ ಹಗುರವಾಗುವುದೋ ಏನೋ.

ನಮ್ಮ ದೇಶಕ್ಕೆ ಮುಂಗಡ ಕಟ್ಟಿ ಕಾಯುವುದು ಹೊಸದಲ್ಲ. 1983ರಲ್ಲಿ ಮಾರುತಿ ಕಾರಿಗೆ 10,000 ರೂಪಾಯಿ ಕಟ್ಟಿ ಎರಡು ತಿಂಗಳಲ್ಲಿ 1 ಲಕ್ಷ 35 ಸಾವಿರ ಮಂದಿ ಹೆಸರು ಬರೆಸಿದ್ದನ್ನು ಹಿರಿಯರು ಬಲ್ಲರು. ವಿದ್ಯುತ್ ಕಾರೂ ಹೊಸದಲ್ಲ. ಬೆಂಗಳೂರಿನಲ್ಲಿಯೇ ತಯಾರಾದ ರೇವಾ 2001ರಿಂದ ಅಲ್ಲಿನ ಬೀದಿಗಳಲ್ಲಿ ಓಡಾಡಿತು. 2016ರಲ್ಲಿ ಮಾಡೆಲ್ 3ರ ಕಾದಿರಿಸುವಿಕೆಯನ್ನು ಭಾರತೀಯರಿಗೂ ತೆರೆದಾಗ ಇಲ್ಲಿಂದಲೂ ಕೆಲವರು 1,000 ಡಾಲರು, ಎಂದರೆ ಅಂದಿನ ದರದಲ್ಲಿ ಸುಮಾರು 66,000 ರೂಪಾಯಿ ಕಟ್ಟಿದರು. ಆದರೆ ಅವರ ಆಯವ್ಯಯದಲ್ಲಿ ಅಮೆರಿಕದವನಿಗಿಲ್ಲದ ಬಾಬೊಂದಿತ್ತು: ಆಮದು ಸುಂಕ. 2021ರ ವೇಳೆಗೆ ಅದು 40,000 ಡಾಲರಿಗೆ ಮೀರಿದ ಕಾರಿಗೆ ಶೇಕಡ 100, ಅದಕ್ಕಿಂತ ಕಡಮೆಯದಕ್ಕೆ ಶೇಕಡ 60 ಇತ್ತು. ಅದೇ ವರ್ಷದ ಜನವರಿಯಲ್ಲಿ ಕಂಪೆನಿಯ ಭಾರತೀಯ ಶಾಖೆ ಬೆಂಗಳೂರಿನಲ್ಲಿ ನೋಂದಣಿಯಾದಾಗ ಕಾದವರಿಗೆ ಆಸೆ ಚಿಗುರಿತು. ಮಳಿಗೆ ತೆರೆದದ್ದು 2025ರ ಜುಲೈನಲ್ಲಿ, ಮುಂಬಯಿಯಲ್ಲಿ. ಮಾರಾಟಕ್ಕೆ ಬಂದದ್ದು ಮಾಡೆಲ್ ವೈ ಎಂಬ ಬೇರೆಯ ಕಾರು, ಬೆಲೆ ಸುಮಾರು 60 ಲಕ್ಷ ರೂಪಾಯಿ. ಅದಕ್ಕೆ ಎರಡು ತಿಂಗಳು ಮೊದಲೇ, 2016ರಲ್ಲಿ ಹಣ ಕಟ್ಟಿದ್ದವರಿಗೆ ಅವರ ಠೇವಣಿಯನ್ನು ಹಿಂದಿರುಗಿಸುವುದಾಗಿ ಪತ್ರ ಬಂದಿತ್ತು. ಆ 66,000 ರೂಪಾಯಿಯನ್ನು ಒಂಬತ್ತು ವರ್ಷ ಶೇಕಡ 6ರ ಚಕ್ರಬಡ್ಡಿಗೆ ಇಟ್ಟಿದ್ದರೆ ಅದು 1 ಲಕ್ಷ 11 ಸಾವಿರಕ್ಕೆ ಮಿಕ್ಕಿ ಬೆಳೆದಿರುತ್ತಿತ್ತು.