ಅಡ್ಡ ಹರಿದ ನದಿಗಳು

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಎರಡು ಪಕ್ಷಗಳ ರಾಜಧಾನಿಗಳ ನಡುವೆ ಇದ್ದದ್ದು ಸುಮಾರು 160 ಕಿ.ಮೀ. ಅಂತರ ಮಾತ್ರ. ಉತ್ತರದವರದು ವಾಷಿಂಗ್ಟನ್. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳದು ರಿಚ್ಮಂಡ್. ಸೇನೆಯೊಂದಕ್ಕೆ ಹತ್ತು ದಿನದ ನಡಿಗೆ ಎನ್ನಬಹುದು. ಉತ್ತರದವರಿಗೆ ಹಿಡಿದದ್ದು ನಾಲ್ಕು ವರ್ಷ.

ಉತ್ತರದ ಸೇನಾಪತಿಗಳ ಅಳುಕು, ದಕ್ಷಿಣದ ರಾಬರ್ಟ್ ಲೀಯ ಚಾಣಾಕ್ಷತೆ ಇದಕ್ಕೆ ಕಾರಣವೆನ್ನುತ್ತಾರೆ. ಸುಳ್ಳಲ್ಲ. ಆದರೆ ಭೂಪಟ ಹರಡಿಕೊಂಡು ಕುಳಿತರೆ ಇನ್ನೊಂದು ಕಾರಣವೂ ಕಣ್ಣಿಗೆ ಬೀಳುತ್ತದೆ. ಈ ನಗರಗಳ ನಡುವಿನ ವರ್ಜೀನಿಯಾ ರಾಜ್ಯದ ನದಿಗಳು ಆಗ್ನೇಯಕ್ಕೆ ಹರಿದು ಚೆಸಪೀಕ್ ಕೊಲ್ಲಿಯನ್ನು ಸೇರುತ್ತವೆ. ದಕ್ಷಿಣಕ್ಕೆ ಇಳಿಯುವ ಸೇನೆಗೆ ಇವು ಒಂದರ ಹಿಂದೊಂದು ಅಡ್ಡ. ಕಾಯುವವರಿಗೆ ಪ್ರತಿಯೊಂದೂ ಯಾರೂ ತೋಡದ ಕಂದಕ.

1862ರ ನವೆಂಬರ್‌ನಲ್ಲಿ ಆಂಬ್ರೋಸ್ ಬರ್ನ್‌ಸೈಡ್‌ನ ನೇತೃತ್ವದ ಉತ್ತರದ ಸೇನೆ ರಾಪಹ್ಯಾನಕ್ ನದಿಯ ದಡ ತಲುಪಿತು. ಎದುರಿಗೆ ಫ್ರೆಡರಿಕ್ಸ್‌ಬರ್ಗ್ ಪಟ್ಟಣ. ಅಲ್ಲಿದ್ದುದು ಸಣ್ಣ ಕಾವಲು ಪಡೆ. ಲೀಯ ಮುಖ್ಯ ಸೇನೆ ಇನ್ನೂ ಬಂದಿರಲಿಲ್ಲ. ಆದರೆ ತೇಲುಸೇತುವೆ ಕಟ್ಟಲು ಬೇಕಾದ ದೋಣಿಗಳೂ ಬಂದಿರಲಿಲ್ಲ! ಆಜ್ಞೆಗಳ ಗೊಂದಲದಲ್ಲಿ ಅವು ಬಂದದ್ದು ಒಂದು ವಾರ ತಡವಾಗಿ. ಅಷ್ಟರಲ್ಲಿ ಲೀ ಪಟ್ಟಣದ ಹಿಂದಿನ ದಿಬ್ಬಗಳ ಮೇಲೆ ಫಿರಂಗಿಗಳನ್ನು ಏರಿಸತೊಡಗಿದ್ದ. ದಿಬ್ಬದ ಬುಡದ ಕಲ್ಲುಗೋಡೆಯ ಹಿಂದೆ ಬಂದೂಕುಧಾರಿಗಳು ಕುಳಿತರು. ಡಿಸೆಂಬರ್ 13ರಂದು ಬರ್ನ್‌ಸೈಡ್ ತನ್ನ ಸೈನಿಕರನ್ನು ಆ ಗೋಡೆಯತ್ತ ತಂಡತಂಡವಾಗಿ ಕಳುಹಿಸಿದ. ಅದನ್ನು ಯಾರೂ ದಾಟಲಿಲ್ಲ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಉತ್ತರದ ನಷ್ಟ ಸುಮಾರು 12,600. ವಾರವೊಂದರ ವಿಳಂಬಕ್ಕೆ ತೆತ್ತ ಬೆಲೆ ಇದು.

ವರ್ಜೀನಿಯಾದ ಬೆಟ್ಟಸಾಲಿನ ಆಚೆಗಿನ ಶೆನಂಡೋವಾ ಕಣಿವೆಯೂ ದಕ್ಷಿಣದವರಿಗೇ ಅನುಕೂಲ. ಅದು ಚಾಚಿಕೊಂಡಿರುವುದು ನೈರುತ್ಯದಿಂದ ಈಶಾನ್ಯಕ್ಕೆ. ದಕ್ಷಿಣದವರು ಅದರಲ್ಲಿ ಸಾಗಿದರೆ ವಾಷಿಂಗ್ಟನ್ ಹತ್ತಿರವಾಗುತ್ತಿತ್ತು. ಎದುರಿನಿಂದ ಬಂದವರಿಗೆ ರಿಚ್ಮಂಡ್ ದೂರವಾಗುತ್ತಿತ್ತು. ಸಾಲದ್ದಕ್ಕೆ ಅದು ಗೋಧಿ ಬೆಳೆಯುವ ನೆಲ. 1864ರಲ್ಲಿ ಉತ್ತರದ ಸೇನಾನಿ ಶೆರಿಡನ್ ಅಲ್ಲಿನ ಕಣಜಗಳಿಗೂ ಹಿಟ್ಟಿನ ಗಿರಣಿಗಳಿಗೂ ಬೆಂಕಿ ಇಡಿಸಿದ್ದು ಅದಕ್ಕಾಗಿಯೇ. ಉರಿದದ್ದು ರೈತರ ಬದುಕು.

ಇದೇ ಯುದ್ಧ ಪಶ್ಚಿಮದಲ್ಲಿ ಬೇರೆಯೇ ರೀತಿ ನಡೆಯಿತು. ಅಲ್ಲಿ ಟೆನೆಸೀ ನದಿಯ ಕೊನೆಯ ಭಾಗ ಉತ್ತರಕ್ಕೆ ಹರಿದು ಒಹಾಯೊ ನದಿಯನ್ನು ಸೇರುತ್ತದೆ. ಹಾಗಾಗಿ ಉತ್ತರದವರ ಪಾಲಿಗೆ ಅದು ಶತ್ರುವಿನ ಒಡಲಿಗೇ ಹೋಗುವ ಹೆದ್ದಾರಿಯಾಯಿತು. 1862ರ ಫೆಬ್ರುವರಿಯಲ್ಲಿ ಯುಲಿಸಿಸ್ ಗ್ರಾಂಟ್ ಈ ನದಿಯ ಮೇಲಿನ ಹೆನ್ರಿ ಕೋಟೆಯನ್ನೂ, ನೆರೆಯ ಕಂಬರ್‌ಲ್ಯಾಂಡ್ ನದಿಯ ಮೇಲಿನ ಡಾನೆಲ್ಸನ್ ಕೋಟೆಯನ್ನೂ ಹತ್ತೇ ದಿನಗಳ ಅಂತರದಲ್ಲಿ ಹಿಡಿದ. ತಿಂಗಳು ಮುಗಿಯುವುದರೊಳಗೆ ನ್ಯಾಶ್‌ವಿಲ್ ನಗರ ಉತ್ತರದ ವಶವಾಯಿತು. ಮಿಸಿಸಿಪ್ಪಿ ನದಿಯ ತಿರುವನ್ನು ಎತ್ತರದಿಂದ ಕಾಯುತ್ತಿದ್ದ ವಿಕ್ಸ್‌ಬರ್ಗ್ ಮಾತ್ರ ಮಣಿಯಲಿಲ್ಲ. ಗ್ರಾಂಟ್ ಊರಿನ ಕೆಳಗೆ ನದಿ ದಾಟಿ ಹಿಂದಿನಿಂದ ಬಂದು ಮುತ್ತಿದ. ಜನ ಗುಡ್ಡ ಕೊರೆದು ಗುಹೆಗಳಲ್ಲಿ ಬಾಳಿದರು. 47 ದಿನಗಳ ನಂತರ, 1863ರ ಜುಲೈ 4ರಂದು, ಊರು ಶರಣಾಯಿತು.

ಇಂಥ ಗ್ರಾಂಟ್‌ನನ್ನೇ ಮರುವರ್ಷ ವರ್ಜೀನಿಯಾಕ್ಕೆ ಕರೆತಂದರು. ಅಲ್ಲಿ ಅವನಿಗೂ ನದಿಗಳು ಸುಲಭವಾಗಿ ದಾರಿ ಬಿಡಲಿಲ್ಲ. ಸಾವಿರಾರು ಜನರನ್ನು ಕಳೆದುಕೊಂಡ. ಕೊನೆಗೆ 1864ರ ಜೂನ್‌ನಲ್ಲಿ ರಿಚ್ಮಂಡ್ ಅನ್ನು ಬಳಸಿಕೊಂಡು ಹೋಗಿ ಜೇಮ್ಸ್ ನದಿಗೆ ಆರುನೂರು ಮೀಟರಿಗೂ ಉದ್ದದ ತೇಲುಸೇತುವೆ ಕಟ್ಟಿಸಿದ. ಈ ಸಲ ದೋಣಿಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು. ಆದರೂ ರಿಚ್ಮಂಡ್ ಬೀಳಲು 1865ರ ಏಪ್ರಿಲ್ 3ರವರೆಗೆ ಕಾಯಬೇಕಾಯಿತು.